ಗಿರಿಯಾತ್ರೆಯ ಸಂಕಲ್ಪ: ‘ಸಿದ್ಧರಾಮಚರಿತ್ರೆ’ಯ ದೃಷ್ಟಿ

ಗಿರಿಶಿಖರವನ್ನು ಶಿವನ ನೆಲೆಯೆಂದು ಭಾವಿಸುವುದು ಶೈವಸಾಹಿತ್ಯದಷ್ಟೇ ಪುರಾತನವಾದ ಸಂಪ್ರದಾಯ. ಆದರೆ ವೀರಶೈವ ಸಾಹಿತ್ಯದಲ್ಲಿ ಗಿರಿಯಾತ್ರೆಯ ಪ್ರಶ್ನೆ ಅಷ್ಟು ಸರಳವಾದುದಲ್ಲ. ಅಂಗದ ಮೇಲೆ ಇಷ್ಟಲಿಂಗವನ್ನು ಧರಿಸಿದ ಭಕ್ತನು ಬೆಟ್ಟದ ತುದಿಯ ಸ್ಥಾವರಲಿಂಗವನ್ನು ಅರಸಿ ಹೋಗಬೇಕಾದ ಅಗತ್ಯವೇನು? ಹನ್ನೆರಡನೆಯ ಶತಮಾನದ ಶರಣರು ಈ ಪ್ರಶ್ನೆಯನ್ನು ನಿರ್ದಾಕ್ಷಿಣ್ಯವಾಗಿ ಎತ್ತಿದರು. ಸ್ಥಾವರಕ್ಕಿಂತ ಜಂಗಮವು ಹಿರಿದೆಂದರು. ಕ್ಷೇತ್ರಗಳ ಸುತ್ತಾಟಕ್ಕಿಂತ ಕಾಯಕ ದಾಸೋಹಗಳು ಮಿಗಿಲೆಂದರು. ಆದರೂ ಭಕ್ತಸಮುದಾಯವು ಬೆಟ್ಟವನ್ನು ಬಿಟ್ಟಿಲ್ಲ. ಇದು ಆಚರಣೆಯ ದೌರ್ಬಲ್ಯವೇ, ಅಥವಾ ಸಿದ್ಧಾಂತಕ್ಕೂ ಯಾತ್ರೆಗೂ ನಡುವೆ ಒಂದು ಸಮನ್ವಯವುಂಟೇ ಎಂಬುದು ವಿಚಾರಾರ್ಹವಾದ ಸಂಗತಿ. ಈ ವಿಚಾರಕ್ಕೆ ರಾಘವಾಂಕನ ‘ಸಿದ್ಧರಾಮಚರಿತ್ರೆ’ ಕೊಡುವಷ್ಟು ಬೆಳಕನ್ನು ಬೇರೆ ಕಾವ್ಯಗಳು ಕೊಡುವುದು ವಿರಳ.

ಪ್ರಶ್ನೆಯು ಇಂದಿಗೂ ಜೀವಂತವಾಗಿರುವ ಸೀಮೆಯೆಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಲ್ಲುಬೆಟ್ಟಗಳ ನಾಡು. ರಾಮನಗರಕ್ಕೆ ಅನತಿದೂರದ ಅವ್ವೇರಹಳ್ಳಿಯ ಬಳಿ ರೇವಣಸಿದ್ಧೇಶ್ವರನ ಬೆಟ್ಟವಿದೆ. ರೇವಣಸಿದ್ಧನು ಇಲ್ಲಿ ತಪಗೈದನೆಂಬುದು ಸ್ಥಳದ ನಂಬಿಕೆ. ತಪ್ಪಲಲ್ಲಿ ರೇಣುಕಾಂಬೆ, ಏರುವ ಹಾದಿಯಲ್ಲಿ ಭೀಮೇಶ್ವರ, ಮೇಲೆ ಬಂಡೆಯ ಆಶ್ರಯದಲ್ಲಿ ರೇವಣಸಿದ್ಧೇಶ್ವರ — ಹೀಗೆ ಮೂರು ಸನ್ನಿಧಿಗಳು ಅಲ್ಲಿವೆ. ಮಾಗಡಿ ತಾಲ್ಲೂಕಿನ ಸಾವನದುರ್ಗವು ಕರಿಗುಡ್ಡ, ಬಿಳಿಗುಡ್ಡಗಳೆಂಬ ಎರಡು ಶಿಖರಗಳಿಂದ ಕೂಡಿದುದು. ಅದರ ಬುಡದಲ್ಲಿ ವೀರಭದ್ರನೂ ನರಸಿಂಹನೂ ನೆರೆಹೊರೆಯವರಾಗಿ ನೆಲಸಿದ್ದಾರೆ. ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗದ ಅಡಿಯಲ್ಲಿ ಕಬ್ಬಾಳಮ್ಮನ ಗುಡಿ ಜನಜಂಗುಳಿಯಿಂದ ತುಂಬಿರುತ್ತದೆ. ಮಾಗಡಿಯ ನೆರೆಯ ನೆಲಮಂಗಲ ತಾಲ್ಲೂಕಿನ ಶಿವಗಂಗೆಯಂತೂ ದಕ್ಷಿಣಕಾಶಿಯೆಂದೇ ಖ್ಯಾತವಾಗಿದೆ.

ಶಿವಗಂಗೆಯ ಸ್ಥಳಮಹಿಮೆಯಲ್ಲಿ ಎರಡು ಅಂಶಗಳು ಸಾಹಿತ್ಯವಿದ್ಯಾರ್ಥಿಯ ಗಮನಕ್ಕೆ ಅರ್ಹವಾಗಿವೆ. ಪೂರ್ವದಿಂದ ನೋಡಿದರೆ ವೃಷಭ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಸರ್ಪ — ಹೀಗೆ ಒಂದೇ ಬೆಟ್ಟ ನಾಲ್ಕು ರೂಪಗಳಲ್ಲಿ ತೋರುವುದೆಂಬುದು ಮೊದಲನೆಯದು. ಇದು ಕವಿಕಲ್ಪನೆಯ ಜಾತಿಗೆ ಸೇರಿದ್ದು. ನೋಡುವವನ ನಿಲುವಿಗೆ ತಕ್ಕಂತೆ ದರ್ಶನ ಬದಲಾಗುವುದೆಂಬ ತತ್ತ್ವ ಅದರಲ್ಲಿ ಅಡಗಿದೆ. ಬೆಟ್ಟದ ಮೆಟ್ಟಿಲುಗಳ ಸಂಖ್ಯೆಯು ಕಾಶಿಗಿರುವ ಯೋಜನಗಳ ಸಂಖ್ಯೆಗೆ ಸಮ, ಆದುದರಿಂದ ಅವನ್ನು ಏರಿದವನಿಗೆ ಕಾಶಿಯಾತ್ರೆಯ ಫಲವುಂಟು ಎಂಬ ಪ್ರತೀತಿ ಎರಡನೆಯದು. ಇದು ಲೆಕ್ಕದ ಜಾತಿಗೆ ಸೇರಿದ್ದು. ದೂರದ ಕಾಶಿಗೆ ಹೋಗಲಾರದ ಬಡವನ ಮೇಲಿನ ಕನಿಕರ ಇದರ ಹಿಂದೆ ಇದೆಯೆಂಬುದನ್ನು ಮರೆಯಲಾಗದು. ಆದರೂ ಲೆಕ್ಕದ ಭಾಷೆ ಒಮ್ಮೆ ಬೇರೂರಿತೆಂದರೆ, ಏರಿದ ಮೆಟ್ಟಿಲೇ ಭಕ್ತಿಯ ಅಳತೆಯಾಗಿ ನಿಲ್ಲುವ ಅಪಾಯವುಂಟು. ದೂರದ ಕ್ಷೇತ್ರವನ್ನು ಹತ್ತಿರಕ್ಕೆ ತರುವ ಬೇರೊಂದು ಬಗೆ ಇಲ್ಲವೇ?

ಇದೆ ಎಂದು ರಾಘವಾಂಕನ ಕಾವ್ಯ ತೋರಿಸುತ್ತದೆ. ಮೇಲೆ ಹೇಳಿದ ಬೆಟ್ಟದಲ್ಲಿ ನೆಲಸಿರುವನೆಂದು ಜನ ನಂಬುವ ರೇವಣಸಿದ್ಧನೇ ಆ ಕಾವ್ಯದಲ್ಲಿ ಸೊನ್ನಲಿಗೆಗೆ ಬಂದು ಸಿದ್ಧರಾಮನ ಜನನವನ್ನು ಮುನ್ನುಡಿಯುವವನು. ಹುಟ್ಟಿದ ಮಗು ಮುಗ್ಧ; ದನ ಕಾಯುವ ಹುಡುಗ. ಹೊಲದಲ್ಲಿ ಜಂಗಮರೂಪದಿಂದ ಬಂದ ಮಲ್ಲಯ್ಯನು ಹಸಿವೆಂದು ಬೇಡಲು, ಹುಡುಗ ಊಟ ತರಲೆಂದು ಮನೆಗೆ ಓಡುತ್ತಾನೆ. ಹಿಂದಿರುಗುವಷ್ಟರಲ್ಲಿ ಮಲ್ಲಯ್ಯನಿಲ್ಲ. ಶ್ರೀಶೈಲಕ್ಕೆ ಹೊರಟ ಯಾತ್ರಿಕರು ಮಲ್ಲಯ್ಯನನ್ನು ತೋರಿಸುವೆವೆಂದು ಅವನನ್ನು ಜೊತೆಗೆ ಕರೆದೊಯ್ಯುತ್ತಾರೆ. ಗುಡಿಯಲ್ಲಿ ಲಿಂಗವನ್ನು ತೋರಿಸಿದಾಗ, ಇವನು ತನ್ನ ಮಲ್ಲಯ್ಯನಲ್ಲವೆಂದು ಹುಡುಗ ಒಪ್ಪದೆ, ಕೂಗುತ್ತ ಕಾಡು ಕಣಿವೆಗಳನ್ನು ಅಲೆದು, ಕಡೆಗೆ ಕೊರಕಲಿಗೆ ಹಾರಲು ಸಿದ್ಧನಾಗುತ್ತಾನೆ. ಆಗ ಶಿವನು ಅವನನ್ನು ಹಿಡಿದೆತ್ತಿ ದರ್ಶನವಿತ್ತು, ಸೊನ್ನಲಿಗೆಗೆ ಮರಳಿ ಅದನ್ನೇ ಅಭಿನವ ಶ್ರೀಶೈಲವನ್ನಾಗಿ ಮಾಡೆಂದು ಕಳುಹಿಸುತ್ತಾನೆ. ಅಂದಿನ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಸಿದ್ಧರಾಮನ ಹೆಸರಿನ ಕೆರೆ ಇಂದಿಗೂ ಅಲ್ಲಿದೆ.

ಈ ಪ್ರಸಂಗವನ್ನು ಪವಾಡಕಥೆಯೆಂದು ಓದಿ ಮುಗಿಸುವುದು ಸುಲಭ. ರಾಘವಾಂಕನ ರಚನಾಕೌಶಲವಿರುವುದು ಯಾತ್ರಿಕರನ್ನೂ ಹುಡುಗನನ್ನೂ ಒಂದೇ ದಾರಿಯಲ್ಲಿ ನಡೆಸಿದ್ದರಲ್ಲಿ. ಯಾತ್ರಿಕರು ಸಂಕಲ್ಪಮಾಡಿ ಹೊರಟವರು. ಅವರಿಗೆ ದಾರಿ ಗೊತ್ತು, ಗುಡಿ ಗೊತ್ತು. ಹುಡುಗನಿಗೆ ಗೊತ್ತಿರುವುದು ಒಂದೇ: ಹಸಿದವನೊಬ್ಬನಿಗೆ ಕೊಡಬೇಕಾದ ಅನ್ನ ಇನ್ನೂ ತನ್ನ ಕೈಯಲ್ಲಿ ಉಳಿದಿದೆ. ಅವನ ಯಾತ್ರೆ ಹುಟ್ಟಿದ್ದು ಫಲಾಪೇಕ್ಷೆಯಿಂದಲ್ಲ, ತೀರದ ದಾಸೋಹದಿಂದ. ಆದುದರಿಂದಲೇ ಗುಡಿಯ ದರ್ಶನ ಯಾತ್ರಿಕರಿಗೆ ಸಾಕಾಗುತ್ತದೆ, ಹುಡುಗನಿಗೆ ಸಾಲುವುದಿಲ್ಲ. ಹಾಗೆಂದು ಕವಿಯು ಯಾತ್ರಿಕರನ್ನು ಹೀಯಾಳಿಸಲು ಹೊರಟವನಲ್ಲ. ಅವರಿಲ್ಲದಿದ್ದರೆ ಹುಡುಗನು ಶ್ರೀಶೈಲವನ್ನು ಮುಟ್ಟುತ್ತಲೇ ಇರಲಿಲ್ಲ. ಕಥೆಯ ತಿರುವು ಇರುವುದು ಬೆಟ್ಟದ ಮೇಲಲ್ಲ, ಹಿಂದಿರುಗುವ ಆಜ್ಞೆಯಲ್ಲಿ. ಶಿಖರವು ಅವನನ್ನು ತನ್ನಲ್ಲಿ ಇರಿಸಿಕೊಳ್ಳದೆ ಊರಿಗೆ ಕೆಲಸಕೊಟ್ಟು ಕಳುಹಿಸಿತು.

ರಾಘವಾಂಕನ ಗುರುವಾದ ಹರಿಹರನು ‘ಮಹಾದೇವಿಯಕ್ಕನ ರಗಳೆ’ಯಲ್ಲಿ ಚಿತ್ರಿಸಿದ ಶ್ರೀಶೈಲಗಮನದೊಡನೆ ಇದನ್ನು ಹೋಲಿಸಿದರೆ ಭೇದವು ಸ್ಫುಟವಾಗುತ್ತದೆ. ಹರಿಹರನ ಅಕ್ಕನಿಗೆ ಗಿರಿಯೇ ಗಂತವ್ಯ. ಅಲ್ಲಿಂದ ಮರಳುವ ಮಾತಿಲ್ಲ. ಆ ಏಕಮುಖವಾದ ತೀವ್ರತೆಯೇ ಆ ರಗಳೆಯ ಸೊಗಸು. ಆದರೆ ಅದು ಸರ್ವಸಂಗವನ್ನು ತೊರೆದವರ ಹಾದಿ. ಮನೆಮಾರು, ಹೊಲಗದ್ದೆಗಳನ್ನುಳ್ಳ ಸಾಮಾನ್ಯ ಭಕ್ತನಿಗೆ ರಾಘವಾಂಕನ ಮಾದರಿಯೇ ಹತ್ತಿರದ್ದು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲು ಸಂಕಲಿತವಾದ ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮಪ್ರಭುವು ಸೊನ್ನಲಿಗೆಗೆ ಬಂದು, ಕೆರೆ ಕಟ್ಟಿಸುವುದರಲ್ಲೇ ಮುಳುಗಿದ ಸಿದ್ಧರಾಮನನ್ನು ಕಟುವಾಗಿ ಪರೀಕ್ಷಿಸಿ ಕಲ್ಯಾಣಕ್ಕೆ ಕರೆದೊಯ್ಯುತ್ತಾನೆ. ಹಾಗಾದರೆ ಬೆಟ್ಟದಂತೆ ಕೆರೆಯೂ ಸ್ಥಾವರವೇ ಅಲ್ಲವೇ? ರಾಘವಾಂಕನ ಕಾವ್ಯದಲ್ಲಿ ಈ ಪ್ರಸಂಗಕ್ಕೆ ಎಡೆಯಿಲ್ಲವಾದುದರಿಂದ ಅವನ ದೃಷ್ಟಿ ಅಪೂರ್ಣವೆನ್ನಬಹುದೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅಲ್ಲಮನ ಆಕ್ಷೇಪವಿರುವುದು ಕೆರೆಯ ಮೇಲಲ್ಲ. ಕೆರೆ ಕಟ್ಟಿಸಿದೆನೆಂಬ ಅಹಂಭಾವದ ಮೇಲೆ, ಪುಣ್ಯದ ಲೆಕ್ಕದ ಮೇಲೆ. ಆ ದೃಷ್ಟಿಯಿಂದ ಎರಡು ಗ್ರಂಥಗಳೂ ಪರಸ್ಪರ ಪೂರಕವಾಗಿವೆ. ಯಾತ್ರಿಕನು ಮನೆಗೆ ಮರಳಬೇಕೆಂದು ಒಂದು ಹೇಳಿದರೆ, ಮರಳಿ ಮಾಡಿದ ಕೆಲಸದ ಹೆಮ್ಮೆಯನ್ನೂ ಇಳಿಸಬೇಕೆಂದು ಇನ್ನೊಂದು ಹೇಳುತ್ತದೆ.

ಬೆಟ್ಟಕ್ಕೂ ಕೆರೆಗೂ ಇರುವ ನಂಟು ಈ ನಾಲ್ಕು ತಾಲ್ಲೂಕುಗಳ ನೆಲದಲ್ಲಿ ಕಣ್ಣಿಗೇ ಕಾಣುವಂಥದು. ಇಲ್ಲಿಯ ಬಂಡೆಗಳು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ, ಸುಮಾರು 250 ಕೋಟಿ ವರ್ಷಗಳ ಹಿಂದಿನ ಶಿಲೆಗಳು. ಕ್ಲೋಸ್‌ಪೇಟೆಯೆಂಬುದು ರಾಮನಗರದ ಹಿಂದಿನ ಹೆಸರು. ಬೋಳುಬಂಡೆಯ ಮೇಲೆ ಬಿದ್ದ ಮಳೆ ಇಂಗದೆ, ಅಷ್ಟಿಷ್ಟು ದೊಣೆಗಳಲ್ಲಿ ನಿಂತು, ಉಳಿದುದೆಲ್ಲ ಕ್ಷಣದಲ್ಲಿ ಬುಡಕ್ಕಿಳಿಯುತ್ತದೆ. ಕೆಳಗೆ ಏರಿ ಕಟ್ಟಿ ತಡೆದರೆ ಅದು ಊರಿನ ನೀರು. ತಡೆಯದಿದ್ದರೆ ಅರ್ಕಾವತಿಯ ಪಾಲು. ಬಯಲಿನ ಚನ್ನಪಟ್ಟಣದ ಬದುಕಿಗೂ ಕಣ್ವ ಜಲಾಶಯದಂತಹ ಕಟ್ಟೆಯೇ ಆಸರೆ. ಹೀಗಿರುವಲ್ಲಿ ಬೆಟ್ಟವನ್ನು ಪೂಜಿಸಿ ಕೆರೆಯನ್ನು ಮರೆಯುವುದು ಅರ್ಧ ಭಕ್ತಿಯಾಗುತ್ತದೆ.

ಆದುದರಿಂದ ಗಿರಿಯಾತ್ರೆಯನ್ನು ಯೋಜಿಸುವವರಿಗೆ ಕಾವ್ಯವು ಕೊಡುವ ಸೂಚನೆ ಸ್ಪಷ್ಟವಾಗಿದೆ. ಒಂದೇ ದಿನದಲ್ಲಿ ನಾಲ್ಕಾರು ಬೆಟ್ಟಗಳನ್ನು ಎಣಿಸಿ ಮುಗಿಸುವುದಕ್ಕಿಂತ ಒಂದನ್ನು ಸಾವಧಾನವಾಗಿ ಏರಿ ಇಳಿಯುವುದು ಲೇಸು. ಬಂಡೆ ಕಾಯುವ ಮೊದಲೇ, ಬೆಳಗಿನ ಇಷ್ಟಲಿಂಗಪೂಜೆಯನ್ನು ಮುಗಿಸಿ ಹೊರಡಬೇಕು. ಕುಡಿಯುವ ನೀರನ್ನು ಕೆಳಗಿನಿಂದಲೇ ಒಯ್ಯಬೇಕು. ದೊಣೆಗಳ ನೀರನ್ನು ಕದಡಬಾರದು. ಏರಲಾರದ ವೃದ್ಧರಿಗೆ ತಪ್ಪಲಿನ ದರ್ಶನವೇ ಪೂರ್ಣವೆಂದು ತಿಳಿಯಬೇಕು. ಸಾವನದುರ್ಗದ ವೀರಭದ್ರನು ಬುಡದಲ್ಲೇ ನಿಂತಿರುವುದು ಇಂಥವರಿಗೆ ಅನುಕೂಲವೇ ಆಗಿದೆ. ರಾಮದೇವರ ಬೆಟ್ಟವು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾಗಿದೆ. ಅಲ್ಲಿ ಕೂಗಾಟವು ಭಕ್ತಿಯ ಲಕ್ಷಣವಾಗದು. ಏರುವಾಗ ಬುತ್ತಿಯಲ್ಲಿ ಒಂದು ಪಾಲು ಹಸಿದವನಿಗೆಂದು ಇರಲಿ. ಇಳಿದ ಮೇಲೆ ತಮ್ಮೂರಿನ ಕೆರೆ, ದಾರಿ, ಅನ್ನಛತ್ರಗಳಲ್ಲಿ ಮಾಡಬೇಕಾದ ಒಂದು ಕೆಲಸವನ್ನು ಹೊರಡುವ ಮೊದಲೇ ನಿಶ್ಚಯಿಸಿಕೊಂಡರೆ ಸಂಕಲ್ಪವು ಸಾರ್ಥಕವಾದೀತು.

ರೇವಣಸಿದ್ಧೇಶ್ವರನ ಬೆಟ್ಟವನ್ನು ಚಾರಣಿಗರು ಇಂದು ‘ಎಸ್.ಆರ್.ಎಸ್. ಬೆಟ್ಟ’ವೆಂದು ಮೂರಕ್ಷರಕ್ಕೆ ಇಳಿಸಿದ್ದಾರೆ. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದಿಂದಲೇ ರಾಮನಗರದ ಬಂಡೆಗಳನ್ನು ಬಲ್ಲವರು ಅಸಂಖ್ಯರಿದ್ದಾರೆ. ಅವರನ್ನು ದೂರಿ ಫಲವಿಲ್ಲ. ಹೆಸರಿನ ಹಿಂದಿನ ಕಥೆಯನ್ನು ಹೇಳಬಲ್ಲವರು ಹೇಳದಿದ್ದಾಗ ಹೆಸರು ಸವೆಯುವುದು ಸಹಜ. ಸಿದ್ಧರಾಮನ ಬಾಲ್ಯವನ್ನು ಓದಿ ಬೆಟ್ಟವೇರಿದವನಿಗೆ ಶಿಖರದಲ್ಲಿ ನಿಂತಾಗ ಕಣ್ಣು ಮೊದಲು ಹೊರಳುವುದು ಆಕಾಶದ ಕಡೆಗಲ್ಲ, ಕೆಳಗೆ ಹೊಳೆಯುವ ಕೆರೆಯ ನೀರಿನ ಕಡೆಗೆ.