ಕಡತಗಳ ತುಲನೆ ಮತ್ತು ಸಮನ್ವಯ: ಒಂದು ವಿಮರ್ಶೆ

ಗಣಕಯಂತ್ರದ ಎರಡು ಫೋಲ್ಡರುಗಳಲ್ಲಿರುವ ಕಡತಗಳನ್ನು ಪರಸ್ಪರ ಹೋಲಿಸಿ, ಭೇದವಿರುವಲ್ಲಿ ಅವುಗಳನ್ನು ಸಮಗೊಳಿಸುವ ಕಾರ್ಯವು ಇಂದು ಸಂಶೋಧಕರ ನಿತ್ಯವಿಧಿಗಳಲ್ಲೊಂದಾಗಿದೆ. ಓಲೆಗರಿಗಳ ಛಾಯಾಚಿತ್ರಗಳು, ಶಾಸನಪಾಠಗಳು, ನಿಘಂಟಿನ ಟಿಪ್ಪಣಿಗಳು ವಿಭಾಗದ ಗಣಕದಲ್ಲೊಂದು, ಮನೆಯ ಗಣಕದಲ್ಲೊಂದು ಎಂಬಂತೆ ಎರಡೆರಡು ಪ್ರತಿಗಳಾಗಿ ಬೆಳೆಯುತ್ತಿವೆ. ಇವನ್ನು ಸಮಗೊಳಿಸುವ ಕಾರ್ಯವನ್ನು ಕೇವಲ ಯಾಂತ್ರಿಕವೆಂದು ಬಗೆದು ತಂತ್ರಜ್ಞರಿಗೆ ಬಿಟ್ಟುಕೊಡುವುದು ರೂಢಿ. ಆದರೆ ಎರಡು ಪ್ರತಿಗಳು ಭಿನ್ನವಾಗಿರುವಾಗ ಯಾವುದು ಗ್ರಾಹ್ಯ, ಯಾವುದು ತ್ಯಾಜ್ಯ ಎಂಬುದು ಗ್ರಂಥಸಂಪಾದನ ಶಾಸ್ತ್ರದ ಮೂಲಪ್ರಶ್ನೆಯೇ ಆಗಿದೆ. ಆದಕಾರಣ ಈ ಕಾರ್ಯಕ್ಕಾಗಿ ರಚಿತವಾದ ಆರ್‌ಸಿಂಕ್ ಮತ್ತು ಯೂನಿಸನ್ ಎಂಬ ಎರಡು ಪ್ರಸಿದ್ಧ ತಂತ್ರಾಂಶಗಳನ್ನು ಆ ಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ತುಲನೆಯನ್ನೂ ನಿರ್ಣಯವನ್ನೂ ಬೇರ್ಪಡಿಸಿಕೊಳ್ಳಬೇಕು. ಬೆಲ್ ಪ್ರಯೋಗಾಲಯದಲ್ಲಿ ಡಗ್ಲಸ್ ಮೆಕ್‌ಇಲ್‌ರಾಯ್ ಅವರು ರಚಿಸಿ, 1974ರಲ್ಲಿ ಯೂನಿಕ್ಸ್‌ನ ಐದನೆಯ ಆವೃತ್ತಿಯೊಡನೆ ಹೊರಬಂದ ಡಿಫ್ ಎಂಬುದು ಶುದ್ಧ ತುಲನೆಯ ಸಾಧನ. ಅದು ಎರಡು ಪಾಠಗಳ ಸಾಲುಗಳಲ್ಲಿ ಸಮಾನವಾದ ಅನುಕ್ರಮವನ್ನು ಕಂಡುಹಿಡಿದು ಉಳಿದುದನ್ನು ವ್ಯತ್ಯಾಸವೆಂದು ತೋರಿಸುತ್ತದೆ. ಯಾವುದು ಸಾಧುಪಾಠವೆಂದು ಹೇಳುವುದಿಲ್ಲ. ಅಡಿಟಿಪ್ಪಣಿಯಲ್ಲಿ ಪಾಠಾಂತರಗಳನ್ನು ನಿರ್ಲಿಪ್ತವಾಗಿ ಕೊಡುವ ಸಂಪಾದಕನ ವಿನಯ ಅದರಲ್ಲಿದೆ. ಸಮನ್ವಯದ ತಂತ್ರಾಂಶವಾದರೋ ಇಲ್ಲಿಗೇ ನಿಲ್ಲುವಂತಿಲ್ಲ. ಅದು ಒಂದು ಪಾಠವನ್ನು ಉಳಿಸಿ ಮತ್ತೊಂದನ್ನು ಅಳಿಸಬೇಕಾಗುತ್ತದೆ. ತೊಡಕು ಇಲ್ಲಿಯೇ.

ಆರ್‌ಸಿಂಕ್ ಅನ್ನು ಆಸ್ಟ್ರೇಲಿಯದ ನ್ಯಾಷನಲ್ ವಿಶ್ವವಿದ್ಯಾನಿಲಯದಲ್ಲಿದ್ದ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಸ್ ಅವರು 1996ರಲ್ಲಿ ಪ್ರಕಟಿಸಿದರು. ಮಂದಗತಿಯ ಸಂಪರ್ಕದ ಮೂಲಕ ದೊಡ್ಡ ಕಡತವನ್ನು ನವೀಕರಿಸುವುದು ಅವರ ಮುಂದಿದ್ದ ಸಮಸ್ಯೆ. ಪಡೆಯುವ ಗಣಕವು ತನ್ನ ಹಳೆಯ ಕಡತವನ್ನು ಸಮಪ್ರಮಾಣದ ಖಂಡಗಳಾಗಿ ವಿಭಾಗಿಸಿ, ಒಂದೊಂದು ಖಂಡಕ್ಕೂ ಎರಡು ಬಗೆಯ ಸಂಖ್ಯಾಮುದ್ರೆಗಳನ್ನು ಗುಣಿಸಿ ಕಳುಹಿಸುತ್ತದೆ. ಕಳುಹಿಸುವ ಗಣಕವು ತನ್ನ ಕಡತದ ಉದ್ದಕ್ಕೂ ಆ ಮುದ್ರೆಗಳನ್ನು ಹುಡುಕುತ್ತ ಹೋಗಿ, ದೊರೆಯದ ಭಾಗವನ್ನು ಮಾತ್ರ ರವಾನಿಸುತ್ತದೆ. ಯುಕ್ತಿಯಲ್ಲಿ ಇದು ನಿಜಕ್ಕೂ ಶ್ಲಾಘ್ಯವಾದ ರಚನೆ. ಆದರೆ ಯಾವ ಕಡತವನ್ನು ಪರಿಶೀಲಿಸಬೇಕೆಂಬುದನ್ನು ಅದು ಸಾಮಾನ್ಯವಾಗಿ ಗಾತ್ರ ಮತ್ತು ಕೊನೆಯ ಬದಲಾವಣೆಯ ಕಾಲ ಇವೆರಡರಿಂದಲೇ ಊಹಿಸುತ್ತದೆ. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಯೂ 3 ಬೈಟುಗಳನ್ನು ಆಕ್ರಮಿಸುತ್ತದೆ. ಶಕಾರವನ್ನು ಷಕಾರವಾಗಿ ತಿದ್ದಿದರೆ ಗಾತ್ರದಲ್ಲಿ ಎಳ್ಳಷ್ಟೂ ಭೇದವಾಗದು. ಆಗ ಕಾಲವೊಂದೇ ಸಾಕ್ಷಿಯಾಗಿ ಉಳಿಯುತ್ತದೆ. ಆ ಸಾಕ್ಷಿಯೋ ದುರ್ಬಲವಾದುದು: ಪೆನ್‌ಡ್ರೈವುಗಳಲ್ಲಿ ಬಳಕೆಯಾದ ಫ್ಯಾಟ್ ವ್ಯವಸ್ಥೆಯು ಬದಲಾವಣೆಯ ಕಾಲವನ್ನು 2 ಸೆಕೆಂಡುಗಳ ಅಳತೆಯಲ್ಲಿ ಮಾತ್ರ ದಾಖಲಿಸುತ್ತದೆ. ಕಡತದ ಒಳಪಾಠವನ್ನೇ ಓದಿ ಹೋಲಿಸುವ ಸೌಲಭ್ಯವೂ ಆರ್‌ಸಿಂಕ್‌ನಲ್ಲಿ ಉಂಟು. ಬಳಸುವವನು ಅದನ್ನು ಕೇಳಿ ಪಡೆಯಬೇಕು.

ಹೆಸರಿನ ವಿಷಯದಲ್ಲಿಯೂ ಕನ್ನಡಿಗರು ಎಚ್ಚರವಹಿಸಬೇಕಾದ ಅಂಶವೊಂದಿದೆ. ‘ಕೋಶ’ ಎಂಬ ಹೆಸರಿನ ಮೊದಲ ಅಕ್ಷರದ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು. ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಆಪಲ್ ಸಂಸ್ಥೆಯು 1998ರಲ್ಲಿ ತಂದ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆಯು ಹೆಸರುಗಳನ್ನು ಬಿಡಿಸಿಯೇ ಇಡುತ್ತದೆ. ಕಣ್ಣಿಗೆ ಅಭಿನ್ನವಾದ ಎರಡು ಹೆಸರುಗಳು ಯಂತ್ರಕ್ಕೆ ಭಿನ್ನವಾಗಿ ತೋರಿ, ಒಂದೇ ಕಡತವು ಎರಡಾಗಿ ನಿಲ್ಲುವ ಸಂಭವ ಇದರಿಂದ ಉಂಟಾಗುತ್ತದೆ. 2008ರಲ್ಲಿ ಬಂದ ಆರ್‌ಸಿಂಕ್‌ನ ಮೂರನೆಯ ಆವೃತ್ತಿಯಲ್ಲಿ ಹೆಸರುಗಳ ಸಂಕೇತವನ್ನು ಪರಿವರ್ತಿಸಿಕೊಳ್ಳುವ ಉಪಾಯವು ಸೇರಿತು.

ಇವು ತುಲನೆಯ ದೋಷಗಳು, ಯತ್ನದಿಂದ ಪರಿಹಾರವಾಗತಕ್ಕವು. ನಿರ್ಣಯದ ತೊಡಕು ಇದಕ್ಕಿಂತ ಆಳವಾದುದು. ಒಂದು ಫೋಲ್ಡರಿನಲ್ಲಿ 10 ಕಡತಗಳೂ ಇನ್ನೊಂದರಲ್ಲಿ 9 ಕಡತಗಳೂ ಇವೆಯೆನ್ನೋಣ. ಹತ್ತನೆಯದು ಇಲ್ಲಿ ಹೊಸದಾಗಿ ಸೇರಿದುದೋ, ಅಲ್ಲಿ ಬುದ್ಧಿಪೂರ್ವಕವಾಗಿ ಅಳಿಸಲ್ಪಟ್ಟುದೋ? ಎರಡು ಪ್ರತಿಗಳನ್ನು ಎಷ್ಟು ಸೂಕ್ಷ್ಮವಾಗಿ ಹೋಲಿಸಿದರೂ ಉತ್ತರ ದೊರೆಯದು. ಏಕೆಂದರೆ ಉತ್ತರವು ಆ ಪ್ರತಿಗಳಲ್ಲಿ ಇಲ್ಲವೇ ಇಲ್ಲ. ಆರ್‌ಸಿಂಕ್ ಏಕಮುಖವಾದ ಸಾಧನ: ಯಾವುದು ಮೂಲವೆಂಬುದನ್ನು ಬಳಸುವವನೇ ಹೇಳಬೇಕು, ಹೇಳಿಸಿಕೊಳ್ಳದೆ ಅದು ಗಮ್ಯದಲ್ಲಿರುವ ಹೆಚ್ಚಿನ ಕಡತವನ್ನು ಅಳಿಸುವುದೂ ಇಲ್ಲ. ಇದು ಅದರ ಪ್ರಾಮಾಣಿಕತೆ. ಆದರೆ ಹಲವರು ಹೊಸದು ಹಳೆಯದನ್ನು ಗೆಲ್ಲಲಿ ಎಂಬ ನಿಯಮದೊಡನೆ ಅದನ್ನು ಎರಡು ದಿಕ್ಕಿಗೂ ಒಮ್ಮೊಮ್ಮೆ ನಡೆಯಿಸಿ, ಸಮನ್ವಯವಾಯಿತೆಂದು ತೃಪ್ತರಾಗುತ್ತಾರೆ. ಫಲವೇನೆಂದರೆ, ಅಳಿಸಿದ ಕಡತಗಳು ಮರುಹುಟ್ಟು ಪಡೆಯುತ್ತವೆ. ಎರಡೂ ಕಡೆ ತಿದ್ದಿದ ಕಡತದಲ್ಲಿ ಮೊದಲು ತಿದ್ದಿದವನ ಶ್ರಮವು ಸದ್ದಿಲ್ಲದೆ ನಾಶವಾಗುತ್ತದೆ. ಕಾಲದಲ್ಲಿ ಈಚಿನದಾದ ಮಾತ್ರಕ್ಕೆ ಒಂದು ಓಲೆಪ್ರತಿಯ ಪಾಠವನ್ನು ಯಾವ ಸಂಪಾದಕನೂ ಅಂಗೀಕರಿಸನು. ಗಣಕದ ವಿಷಯದಲ್ಲಿ ಮಾತ್ರ ಆ ವಿವೇಕವನ್ನು ನಾವೇಕೆ ಬಿಟ್ಟುಕೊಡಬೇಕು?

ಈ ತೊಡಕಿನ ತಾತ್ತ್ವಿಕ ವಿವೇಚನೆಯನ್ನು ಬಾಲಸುಬ್ರಮಣಿಯಂ ಮತ್ತು ಬೆಂಜಮಿನ್ ಪಿಯರ್ಸ್ ಅವರು 1998ರ ಪ್ರಬಂಧವೊಂದರಲ್ಲಿ ಮಾಡಿದ್ದಾರೆ. ಬದಲಾವಣೆಯನ್ನು ಗುರುತಿಸುವುದು ಒಂದು ಹಂತ, ಬದಲಾವಣೆಗಳನ್ನು ಹೊಂದಿಸುವುದು ಇನ್ನೊಂದು ಹಂತ ಎಂಬ ವಿಭಜನೆಯೇ ಅದರ ತಿರುಳು. ಪಿಯರ್ಸ್ ಅವರು ಸಹೋದ್ಯೋಗಿಗಳೊಡನೆ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಬೆಳೆಸಿದ ಯೂನಿಸನ್ ಈ ವಿಚಾರದ ಫಲ. ಕಳೆದ ಬಾರಿ ಎರಡು ಪ್ರತಿಗಳು ಸಮವಾಗಿದ್ದಾಗಿನ ಸ್ಥಿತಿಯನ್ನು ಅದು ದಾಖಲೆಯಾಗಿ ಕಾದಿರಿಸಿಕೊಳ್ಳುತ್ತದೆ. ಮುಂದಿನ ಬಾರಿ ಪ್ರತಿಯೊಂದು ಪ್ರತಿಯನ್ನೂ ಆ ದಾಖಲೆಯೊಡನೆ ಹೋಲಿಸುತ್ತದೆ. ದಾಖಲೆಯಲ್ಲಿ ಹತ್ತನೆಯ ಕಡತವು ಇದ್ದರೆ ಅದು ಅಳಿಸಲ್ಪಟ್ಟುದು, ಇಲ್ಲದಿದ್ದರೆ ಹೊಸದಾಗಿ ಸೇರಿದುದು. ಎರಡೂ ಪ್ರತಿಗಳು ಬೇರೆಬೇರೆಯಾಗಿ ಬದಲಾಗಿದ್ದರೆ, ವಿಶೇಷ ಆದೇಶವಿಲ್ಲದ ಪಕ್ಷದಲ್ಲಿ, ಅದು ತಾನಾಗಿ ತೀರ್ಪು ಕೊಡದೆ ಬಳಸುವವನ ಮುಂದಿಡುತ್ತದೆ. ಸಂಪಾದನ ಶಾಸ್ತ್ರವು ಉಪಲಬ್ಧ ಪ್ರತಿಗಳ ಹಿಂದಿನ ಮಾತೃಪ್ರತಿಯನ್ನು ಊಹೆಯಿಂದ ಪುನಾರಚಿಸಬೇಕಾಗಿದ್ದರೆ, ಇಲ್ಲಿ ಆ ಮಾತೃಪ್ರತಿಯ ಚಹರೆಯನ್ನು ಮೊದಲೇ ಬರೆದಿಟ್ಟುಕೊಂಡಂತಾಯಿತು.

ಯೂನಿಸನ್ ನಿರ್ದುಷ್ಟವೆಂದು ಇದರ ಅರ್ಥವಲ್ಲ. ದಾಖಲೆಯು ನಷ್ಟವಾದರೆ ಅದೂ ಮೊದಲ ದಿನದ ಅಜ್ಞಾನಕ್ಕೆ ಮರಳುತ್ತದೆ. ಅಳಿಸಿದುದು ಮತ್ತೆ ಹೊಸದಾಗಿ ಕಾಣಿಸುತ್ತದೆ. ಪ್ರಶ್ನೆಗಳ ಸಾಲಿಗೆ ಬೇಸತ್ತವನು ಹೊಸದಕ್ಕೇ ಪ್ರಾಶಸ್ತ್ಯವೆಂದು ಆದೇಶವಿತ್ತರೆ, ಅದರ ಸಂಯಮವೆಲ್ಲ ವ್ಯರ್ಥವಾಗುತ್ತದೆ.

ಒಟ್ಟಿನಲ್ಲಿ, ಒಂದು ಮೂಲ, ಒಂದು ನಕಲು ಎಂಬ ಸಂಬಂಧವು ಸ್ಪಷ್ಟವಾಗಿರುವಲ್ಲಿ ಆರ್‌ಸಿಂಕ್ ಸಾಕು. ಅಳಿಸುವ ಆದೇಶಕ್ಕೆ ಮುನ್ನ ಅದರ ಪೂರ್ವಪರೀಕ್ಷೆಯ ಸೌಲಭ್ಯವನ್ನು ಬಳಸಿ, ಏನು ನಡೆಯಲಿದೆಯೆಂಬುದನ್ನು ಓದಿನೋಡುವುದು ಯುಕ್ತ. ಎರಡು ಕಡೆಯೂ ಕೆಲಸ ನಡೆಯುವಲ್ಲಿ ಪೂರ್ವಸ್ಥಿತಿಯ ನೆನಪುಳ್ಳ ಸಾಧನವೇ ಬೇಕು. ಯಾವುದನ್ನು ಬಳಸಿದರೂ, ಘರ್ಷಣೆಯ ಪಟ್ಟಿಯನ್ನು ಕಿರುಕುಳವೆಂದು ಭಾವಿಸದೆ ಪಾಠಾಂತರಗಳ ಪಟ್ಟಿಯೆಂದು ತಿಳಿದು ಓದಬೇಕು. ಭೇದವನ್ನು ಕಾಣಿಸುವುದು ಯಂತ್ರಕ್ಕೆ ಸಾಧ್ಯ. ಅದರ ಅರ್ಥವನ್ನು ನಿಶ್ಚಯಿಸುವ ಹೊಣೆಯು ಪಾಠವನ್ನು ಬಲ್ಲವನದು.