ಕುಳಿತವನು ಯಾರು? — ಯೋಹಾನನ ಸುವಾರ್ತೆಯ ವಿಚಾರಣಾಪ್ರಸಂಗದ ಒಂದು ಕ್ರಿಯಾಪದ

ಯೇಸುವನ್ನು ರೋಮನ್ ಅಧಿಪತಿಯಾದ ಪೊಂತ್ಯ ಪಿಲಾತನ ಮುಂದೆ ವಿಚಾರಣೆಗೆ ಒಯ್ದ ಸಂಗತಿ ನಾಲ್ಕು ಸುವಾರ್ತೆಗಳಲ್ಲಿಯೂ ಬಂದಿದೆ. ಮಾರ್ಕನು ಅದನ್ನು ಹದಿನೈದು ವಾಕ್ಯಗಳಲ್ಲಿ ಮುಗಿಸುತ್ತಾನೆ. ಆರೋಪಿ ಅಲ್ಲಿ ಒಂದೇ ಒಂದು ಚುಟುಕು ಉತ್ತರವಿತ್ತು ಮೌನ ತಾಳುತ್ತಾನೆ. ಯೋಹಾನನಲ್ಲಿಯಾದರೋ ಅದೇ ಸಂಗತಿ ಹದಿನೆಂಟನೆಯ ಅಧ್ಯಾಯದ ಉತ್ತರಾರ್ಧದಿಂದ ಹತ್ತೊಂಬತ್ತನೆಯ ಅಧ್ಯಾಯದೊಳಕ್ಕೂ ಹಬ್ಬಿ, ಆರೋಪಿಯೇ ನ್ಯಾಯಾಧಿಪತಿಗೆ ಮರುಪ್ರಶ್ನೆ ಹಾಕುವ ನಾಟಕೀಯ ಪ್ರಸಂಗವಾಗಿ ಬೆಳೆದಿದೆ. ಗೋವಿಂದ ಪೈಗಳ 'ಗೊಲ್ಗೊಥಾ'ವನ್ನು ಓದಿಬಲ್ಲ ಕನ್ನಡಿಗರಿಗೆ ಈ ಕಥೆಯ ಕರುಣರಸ ಹೊಸದಲ್ಲ. ಆದರೆ ಯೋಹಾನನ ವಿಚಾರಣಾಪ್ರಸಂಗದಲ್ಲಿ ಮೇಲುಗೈ ಪಡೆದಿರುವುದು ಕರುಣವಲ್ಲ, ವ್ಯಂಗ್ಯ. ಆ ವ್ಯಂಗ್ಯದ ಹದವನ್ನು ಅಳೆಯುವುದಕ್ಕೆ ಒಂದೇ ಒಂದು ಕ್ರಿಯಾಪದ ಒರೆಗಲ್ಲಾಗಿ ನಿಂತಿದೆ.

ಪ್ರಸಂಗದ ರಚನೆಯನ್ನು ಮೊದಲು ನೋಡಬೇಕು. ದೂರು ತಂದ ಯಾಜಕರು ಪಸ್ಕದ ಊಟಕ್ಕೆ ಮೈಲಿಗೆಯಾದೀತೆಂದು ಅಧಿಪತಿಯ ಅರಮನೆಯ ಹೊಸ್ತಿಲು ದಾಟುವುದಿಲ್ಲ. ಯೇಸು ಒಳಗೆ, ಅವರು ಹೊರಗೆ. ಹೀಗಾಗಿ ಪಿಲಾತನೇ ಒಳಕ್ಕೂ ಹೊರಕ್ಕೂ ಅಲೆಯಬೇಕಾಗುತ್ತದೆ. ವ್ಯಾಖ್ಯಾನಕಾರರು ಇದನ್ನು ಸಾಮಾನ್ಯವಾಗಿ ಏಳು ದೃಶ್ಯಗಳಾಗಿ ವಿಂಗಡಿಸುತ್ತಾರೆ; ನಟ್ಟನಡುವೆ ಸೈನಿಕರು ಮುಳ್ಳಿನ ಕಿರೀಟವಿಟ್ಟು ಅಣಕದ ಪಟ್ಟಾಭಿಷೇಕ ಮಾಡುವ ದೃಶ್ಯ. ಒಳಗೆ ಸತ್ಯವನ್ನು ಕುರಿತ ಮಾತು, ಹೊರಗೆ ಕೂಗು. ಎರಡರ ನಡುವೆ ನೆಲೆ ನಿಲ್ಲದೆ ತಿರುಗುವ ಅಧಿಕಾರಿ. ಸತ್ಯವೆಂದರೇನೆಂಬ ಅವನ ಪ್ರಶ್ನೆ ಲೋಕಪ್ರಸಿದ್ಧವಾಗಿದೆ. ಫ್ರಾನ್ಸಿಸ್ ಬೇಕನ್ 1625ರ ತನ್ನ ಪ್ರಬಂಧಸಂಗ್ರಹದ ಮೊದಲ ಪ್ರಬಂಧದಲ್ಲಿ ಅದನ್ನು ಹಾಸ್ಯಗಾರನ ಪ್ರಶ್ನೆಯೆಂದು ಬಗೆದನು. ಪ್ರಶ್ನೆಯ ಪ್ರಸಿದ್ಧಿಯಿಂದ ಪ್ರಸಂಗಕ್ಕೆ ಒಂದು ನಷ್ಟವೂ ಆಗಿದೆ: ವಾಚಕರು ಅಲ್ಲಿಯೇ ನಿಂತುಬಿಡುತ್ತಾರೆ. ಪಿಲಾತನು ನಿಲ್ಲಲಿಲ್ಲ, ಕೇಳಿದ ಕೂಡಲೆ ಹೊರಗೆ ಹೋದನು.

ಈಗ ಆ ಕ್ರಿಯಾಪದ. ಹತ್ತೊಂಬತ್ತನೆಯ ಅಧ್ಯಾಯದ ಹದಿಮೂರನೆಯ ವಾಕ್ಯದಲ್ಲಿ ಪಿಲಾತನು ಯೇಸುವನ್ನು ಹೊರಗೆ ತರುತ್ತಾನೆ. ಅದರ ಬೆನ್ನಿಗೇ 'ಎಕಾಥಿಸೆನ್' ಎಂಬ ಗ್ರೀಕ್ ಕ್ರಿಯಾಪದ, ಆಮೇಲೆ ನ್ಯಾಯಾಸನವೆಂಬ ಅರ್ಥದ 'ಬೇಮ'. ಗ್ರೀಕಿನಲ್ಲಿ ಈ ಧಾತು ಅಕರ್ಮಕವೂ ಹೌದು, ಸಕರ್ಮಕವೂ ಹೌದು. 'ತಾನು ಕುಳಿತನು' ಎಂದೂ ಆದೀತು, 'ಅವನನ್ನು ಕುಳ್ಳಿರಿಸಿದನು' ಎಂದೂ ಆದೀತು. ಯೇಸು ಎಂಬ ಕರ್ಮಪದ ಹಿಂದಿನ ಕ್ರಿಯೆಗೆ ಹೊಂದಿಕೊಂಡು ಪಕ್ಕದಲ್ಲಿಯೇ ಇರುವುದರಿಂದ ಎರಡನೆಯ ಅರ್ಥಕ್ಕೆ ವಾಕ್ಯರಚನೆ ಅಡ್ಡಬರುವುದಿಲ್ಲ. ಗ್ರೀಕ್ ಓದುಗನು ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಸಾಗಬಹುದು. ಕನ್ನಡದಲ್ಲಿ ಆ ಅವಕಾಶವಿಲ್ಲ. ಕೇಶಿರಾಜನ ಕಾಲದಿಂದಲೂ ವೈಯಾಕರಣರು ಗುರುತಿಸುತ್ತ ಬಂದಿರುವ 'ಇಸು' ಪ್ರತ್ಯಯ ಹತ್ತಿತೆಂದರೆ ಕುಳಿತವನು ಯೇಸು, ಹತ್ತದಿದ್ದರೆ ಪಿಲಾತ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ 1831ರ ವೇಳೆಗೆ ಇಡಿಯ ಬೈಬಲ್ ಕನ್ನಡಕ್ಕೆ ಬಂದಾಗಿನಿಂದ ಈ ವಾಕ್ಯಕ್ಕೆ ಕೈಹಾಕಿದ ಅನುವಾದಕನು ಯಾವನೇ ಆಗಲಿ, ಒಂದು ಪ್ರತ್ಯಯದ ಮಟ್ಟಿಗೆ ವ್ಯಾಖ್ಯಾನಕಾರನೂ ಆಗದೆ ವಿಧಿಯಿಲ್ಲ.

ಮ್ಯಾಂಚೆಸ್ಟರಿನ ಜಾನ್ ರೈಲಂಡ್ಸ್ ಗ್ರಂಥಾಲಯದಲ್ಲಿ ಅಂಗೈಗಿಂತ ಚಿಕ್ಕದಾದ ಪಪೈರಸ್ ಚೂರೊಂದಿದೆ. 1935ರಲ್ಲಿ ಪ್ರಕಟವಾದ ಅದು ಹೊಸ ಒಡಂಬಡಿಕೆಯ ಅತಿ ಪ್ರಾಚೀನ ತುಣುಕೆಂದು ಬಹುಕಾಲ ಎಣಿಸಲ್ಪಟ್ಟಿತು. ಈಚಿನ ವಿದ್ವಾಂಸರು ಅದರ ಕಾಲವನ್ನು ಅಷ್ಟು ಬಿಗಿಯಾಗಿ ಹೇಳುವುದಿಲ್ಲ. ಅದರಲ್ಲಿ ಉಳಿದಿರುವುದು ಇದೇ ವಿಚಾರಣೆಯ ಕೆಲವು ಪಂಕ್ತಿಗಳು. ಆದರೆ ಈ ವಾಕ್ಯದವರೆಗೆ ಆ ಚೂರು ಬರುವುದಿಲ್ಲ. ಬಂದಿದ್ದರೂ ಲಾಭವಿರುತ್ತಿರಲಿಲ್ಲ, ಸಂಶಯವಿರುವುದು ಪಾಠದಲ್ಲಲ್ಲ, ವ್ಯಾಕರಣದಲ್ಲಿ.

ಸಕರ್ಮಕಾರ್ಥದ ಪರವಾಗಿ 1960ರಲ್ಲಿ ಬೆಲ್ಜಿಯಂನ ಜೆಸುಯಿಟ್ ಪಂಡಿತ ದ ಲಾ ಪೋತ್ರಿ ವಿಸ್ತಾರವಾಗಿ ವಾದಿಸಿದರು. ಮುಳ್ಳಿನ ಕಿರೀಟ, ಕೆನ್ನೀಲಿ ವಸ್ತ್ರ, ಈಗ ಆಸನ; ಮರುಗಳಿಗೆಯಲ್ಲಿಯೇ ಪಿಲಾತನು ನೆರೆದವರಿಗೆ ಅವರ ಅರಸನನ್ನು ತೋರಿಸುತ್ತಾನೆ. ಅರಸನಾಗಿಯೂ ನ್ಯಾಯಾಧಿಪತಿಯಾಗಿಯೂ ಯೇಸು ಕುಳಿತಿರುವ ಈ ಚಿತ್ರ ಆಕರ್ಷಕವಾದದ್ದೇ. ನ್ಯಾಯನಿರ್ಣಯದ ಅಧಿಕಾರವೆಲ್ಲ ಮಗನಿಗೆ ಸಂದಿದೆಯೆಂದು ಹಿಂದೆ ಐದನೆಯ ಅಧ್ಯಾಯದಲ್ಲಿ ಬಂದ ಮಾತಿಗೂ ಅದು ಒಪ್ಪುತ್ತದೆ. 'ಬೇಮ' ಎಂಬುದರ ಹಿಂದೆ ನಿರ್ದೇಶಕ ಪದವಿಲ್ಲದಿರುವುದರಿಂದ ಅದು ಅಧಿಪತಿಯ ನಿಜವಾದ ಆಸನವಾಗಿರದೆ ಯಾವುದೋ ಒಂದು ಪೀಠವಾಗಿದ್ದಿರಬಹುದೆಂಬುದೂ ಈ ಪಕ್ಷದ ಒಂದು ವಾದ.

ಈ ಕೊನೆಯ ವಾದ ನಿಲ್ಲುವುದಿಲ್ಲ. ಯೆಹೂದ್ಯ ಚರಿತ್ರಕಾರ ಯೋಸೇಫಸನು ಇದೇ ಪಿಲಾತನು ಕೈಸರೈಯದ ಕ್ರೀಡಾಂಗಣದಲ್ಲಿ ನ್ಯಾಯಾಸನವೇರಿದುದನ್ನು ಹೇಳುವಾಗ ಇದೇ ಧಾತುವನ್ನೂ ನಿರ್ದೇಶಕವಿಲ್ಲದ ಇದೇ ನಾಮಪದವನ್ನೂ ಬಳಸಿದ್ದಾನೆ. ಅಲ್ಲಿ ಕುಳಿತವನು ಪಿಲಾತನೇ. ಅಪೊಸ್ತಲರ ಕೃತ್ಯಗಳಲ್ಲಿ ಪೌಲನ ವಿಚಾರಣೆಗೆ ಫೆಸ್ತನು ಕುಳಿತಾಗಲೂ ಅದೇ ಧಾತು, ಅದೇ ಅರ್ಥ. ಯೋಹಾನನೇ ಹನ್ನೆರಡನೆಯ ಅಧ್ಯಾಯದಲ್ಲಿ ಕತ್ತೆಯ ಮರಿಯ ಮೇಲೆ ಯೇಸು ಕುಳಿತುದನ್ನು ಹೇಳುವಲ್ಲಿ ಧಾತು ಅಕರ್ಮಕ. ರೋಮನ್ ಅಧಿಪತಿಯೊಬ್ಬನು ಆರೋಪಿಯನ್ನು ಬಹಿರಂಗವಾಗಿ ನ್ಯಾಯಾಸನದ ಮೇಲೆ ಕೂರಿಸಿ ವಿನೋದ ಮಾಡಿಯಾನೆಂದು ನಂಬುವುದೂ ಕಷ್ಟ. 1961ರಲ್ಲಿ ಕೈಸರೈಯದಲ್ಲಿ ದೊರೆತ ಶಿಲಾಶಾಸನ ಪಿಲಾತನನ್ನು 'ಪ್ರಿಫೆಕ್ಟ್' ಎಂಬ ಅಧಿಕೃತ ಬಿರುದಿನಿಂದಲೇ ಹೆಸರಿಸಿದೆ. ಆಸನವೆಂಬುದು ಆ ಬಿರುದಿನ ಕಣ್ಣಿಗೆ ಕಾಣುವ ರೂಪ.

ಇಷ್ಟಕ್ಕೇ ವಿಚಾರ ಮುಗಿದಿದ್ದರೆ ಇದೊಂದು ಪಂಡಿತರ ಕಲಹವಾಗಿ ಉಳಿಯುತ್ತಿತ್ತು. ಯೇಸುವನ್ನು ಆಸನದ ಮೇಲೆ ಕೂರಿಸಿದರೆ ಪಿಲಾತನು ಎಲ್ಲಿ ಹೋಗುತ್ತಾನೆಂದು ಕೇಳಿಕೊಂಡಾಗ ಅದರ ಗುರುತ್ವ ತಿಳಿಯುತ್ತದೆ. ಅವನು ಬದಿಗೆ ಸರಿದು ಕೇವಲ ಸೂತ್ರಧಾರನಾಗುತ್ತಾನೆ. ಎದುರಿಗೆ ನಿಂತ ಯೆಹೂದ್ಯರು ಕಟಕಟೆಯಲ್ಲಿ ಉಳಿಯುತ್ತಾರೆ. ಇದು ಬರಿಯ ಊಹೆಯಲ್ಲ. ಆಸನದ ಮೇಲೆ ಯೇಸುವನ್ನು ಕೂರಿಸಿದ ಕಥೆ ಸ್ಪಷ್ಟವಾಗಿ ಬರುವುದು ಎರಡನೆಯ ಶತಮಾನದ ಜಸ್ಟಿನನ ಸಮರ್ಥನಾಗ್ರಂಥದಲ್ಲಿ ಮತ್ತು 1886-87ರಲ್ಲಿ ಈಜಿಪ್ಟಿನ ಅಖ್ಮೀಮಿನಲ್ಲಿ ದೊರೆತ ಪೇತ್ರನ ಹೆಸರಿನ ಸುವಾರ್ತೆಯ ತುಣುಕಿನಲ್ಲಿ. ಎರಡರಲ್ಲಿಯೂ ಕೂರಿಸಿ ಅಣಕಿಸುವವನು ಪಿಲಾತನಲ್ಲ, ಯೆಹೂದ್ಯ ಜನ. ಪೇತ್ರನ ಸುವಾರ್ತೆಯಲ್ಲಿಯಂತೂ ಯೇಸುವನ್ನು ಒಯ್ಯಲು ಆಜ್ಞೆ ಕೊಡುವವನೇ ಹೆರೋದ. ರೋಮನ್ ಅಧಿಕಾರಿ ಎದ್ದುಹೋಗಿದ್ದಾನೆ. ಆಸನ ಪಿಲಾತನ ಕೈತಪ್ಪಿದಂತೆಲ್ಲ ಹೊಣೆಯೂ ಅವನ ಕೈತಪ್ಪುತ್ತದೆ. ಶಿಲುಬೆ ರೋಮನ್ನರ ಶಿಕ್ಷೆಯೆಂಬ ಸರಳ ಸತ್ಯ ಹೀಗೆ ಮಸುಕಾಗಿ, ಶತಮಾನಗಳ ಕಾಲ ಯುರೋಪಿನಲ್ಲಿ ಒಂದು ಜನಾಂಗವೇ ಆ ಮರಣಕ್ಕೆ ಉತ್ತರವಾದಿಯೆಂಬ ಆರೋಪ ಹೊರಬೇಕಾಯಿತು. ಯೋಹಾನನು 'ಯೆಹೂದ್ಯರು' ಎಂಬ ಒಂದೇ ಮಾತನ್ನು ಮತ್ತೆ ಮತ್ತೆ ಬಳಸಿದುದು ಅದಕ್ಕೆ ಎಡೆಗೊಟ್ಟಿತೆಂಬುದನ್ನು ಮರೆಮಾಚುವಂತಿಲ್ಲ; ಆದರೆ ಶಿಲುಬೆಗಾಗಿ ಕೂಗಿದವರು ಮಹಾಯಾಜಕರೂ ಅವರ ಓಲೇಕಾರರೂ ಎಂದು ಆರನೆಯ ವಾಕ್ಯದಲ್ಲಿ ಅವನೇ ಬಿಡಿಸಿ ಹೇಳಿದ್ದಾನೆ. ಆ ದಿನದ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಆ ಹೊಣೆ ಹೊರಿಸಲಾಗದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಘೋಷಿಸಿದುದು 1965ರಲ್ಲಿ. ದ ಲಾ ಪೋತ್ರಿಯವರ ಉದ್ದೇಶ ದೂಷಣೆಯಾಗಿರಲಿಲ್ಲ, ದೇವತಾಶಾಸ್ತ್ರವಾಗಿತ್ತು. ಪ್ರತ್ಯಯಗಳು ಮಾತ್ರ ಉದ್ದೇಶವನ್ನು ವಿಚಾರಿಸುವುದಿಲ್ಲ.

ಪಿಲಾತನೇ ಕುಳಿತನೆಂದು ಓದಿದರೆ ವ್ಯಂಗ್ಯ ಸೊರಗುವುದೆಂಬ ಭಯವೂ ನಿರಾಧಾರ. ಅವನು ಕುಳಿತ ಕೂಡಲೆ ಯೋಹಾನನು ದಸ್ತಾವೇಜು ಬರೆಯುವ ಕರಣಿಕನಂತೆ ವಿವರ ಕೊಡತೊಡಗುತ್ತಾನೆ: ಕಲ್ಲು ಹಾಸಿದ ಆ ಸ್ಥಳದ ಹೆಸರು ಗ್ರೀಕಿನಲ್ಲೊಂದು, ಇಬ್ರಿಯದಲ್ಲಿ ಗಬ್ಬಥಾ, ದಿನ ಪಸ್ಕದ ಸಿದ್ಧತೆಯದು, ಹೊತ್ತು ಸುಮಾರು ಆರನೆಯ ತಾಸು, ಎಂದರೆ ನಡುಹಗಲು. (ಮಾರ್ಕನ ಲೆಕ್ಕದಲ್ಲಿ ಮೂರನೆಯ ತಾಸಿಗೇ ಶಿಲುಬೆಗೇರಿಸಿ ಆಗಿದೆ, ಈ ವ್ಯತ್ಯಾಸವನ್ನು ಹೊಂದಿಸಲು ಹೋದವರ ಜಾಣತನ ಮೆಚ್ಚತಕ್ಕದ್ದು, ಫಲವಲ್ಲ.) ಆಸನ, ಸ್ಥಳ, ದಿನ, ಹೊತ್ತು ಎಲ್ಲವೂ ಸಿದ್ಧ. ವಾಚಕನು ತೀರ್ಪಿಗೆ ಕಾಯುತ್ತಾನೆ. ತೀರ್ಪು ಬರುವುದೇ ಇಲ್ಲ. ಮೂರು ಬಾರಿ ಆರೋಪಿಯಲ್ಲಿ ತಪ್ಪು ಕಾಣೆನೆಂದವನು ಈಗ ಬಿಡುಗಡೆಯನ್ನೂ ನುಡಿಯುವುದಿಲ್ಲ, ದಂಡನೆಯನ್ನೂ ನುಡಿಯುವುದಿಲ್ಲ. ಅಧಿಪತಿ ನಿರ್ಣಯವಿತ್ತನೆಂದು ಬಾಯಿಬಿಟ್ಟು ಹೇಳುವವನು ಲೂಕ. ಯೋಹಾನನಲ್ಲಿ ಪಿಲಾತನು ಸುಮ್ಮನೆ 'ಒಪ್ಪಿಸುತ್ತಾನೆ'. ಯಾರಿಗೆ? 'ಅವರಿಗೆ'. ಹಿಂದಿನ ವಾಕ್ಯದಂತೆ ಅವರೆಂದರೆ ಯಾಜಕರು, ಮುಂದಿನ ಕಥೆಯಂತೆ ರೋಮನ್ ಸೈನಿಕರು. ಆಸನದಲ್ಲಿ ಕುಳಿತಿದ್ದೂ ನ್ಯಾಯ ನುಡಿಯದ ನ್ಯಾಯಾಧಿಪತಿಗಿಂತ ತೀಕ್ಷ್ಣವಾದ ವ್ಯಂಗ್ಯ ಮತ್ತಾವುದು?

ಈ 'ಒಪ್ಪಿಸು' ಎಂಬ ಮಾತಿನಲ್ಲಿಯೂ ಅನುವಾದದ ತೊಡಕು ಇದೆ. ಗ್ರೀಕಿನಲ್ಲಿ ಯೂದನು ಮಾಡಿದ್ದಕ್ಕೂ ಯಾಜಕರು ಮಾಡಿದ್ದಕ್ಕೂ ಪಿಲಾತನು ಮಾಡಿದ್ದಕ್ಕೂ ಒಂದೇ ಕ್ರಿಯಾಪದ. ಕನ್ನಡದ ಸಹಜ ಬಳಕೆಯಲ್ಲಿ ಯೂದನು 'ಹಿಡಿದುಕೊಡುತ್ತಾನೆ', ಪಿಲಾತನು 'ಒಪ್ಪಿಸುತ್ತಾನೆ'. ಒಬ್ಬನದು ದ್ರೋಹವಾಗಿಯೂ ಇನ್ನೊಬ್ಬನದು ಕಚೇರಿಯ ಕೆಲಸವಾಗಿಯೂ ಕೇಳುತ್ತದೆ. ಮೂಲದಲ್ಲಿ ಆ ಸೌಕರ್ಯ ಅಧಿಪತಿಗಿಲ್ಲ. ಯೂದನಿಂದ ಮೊದಲಾದ ಸರಪಣಿಯಲ್ಲಿ ಅವನದೂ ಒಂದು ಕೊಂಡಿ. ಕೊನೆಗೆ ಶಿಲುಬೆಯ ಮೇಲೆ ಯೇಸು ಪ್ರಾಣವನ್ನು ಬಿಟ್ಟುಕೊಟ್ಟನೆನ್ನುವಲ್ಲಿಯೂ ಅದೇ ಕ್ರಿಯಾಪದ ಬರುತ್ತದೆ. ಅಲ್ಲಿ ಕರ್ತೃ ಅವನೇ.

ನ್ಯಾಯಾಸನದಿಂದ ಹೊರಡದ ತೀರ್ಪು ಆಮೇಲೆ ಹಲಗೆಯ ಮೇಲೆ ಕಾಣಿಸಿಕೊಳ್ಳುತ್ತದೆ. ಯೆಹೂದ್ಯರ ಅರಸನೆಂದು ಇಬ್ರಿಯ, ಲತೀನ್, ಗ್ರೀಕ್ ಮೂರು ಭಾಷೆಗಳಲ್ಲಿಯೂ ಬರೆಸಿ ಪಿಲಾತನು ಅದನ್ನು ಶಿಲುಬೆಗೆ ಹಚ್ಚಿಸುತ್ತಾನೆ. ಅರಸನೆಂದು ಅವನೇ ಹೇಳಿಕೊಂಡನೆಂಬುದಾಗಿ ತಿದ್ದಬೇಕೆಂದು ಯಾಜಕರು ಕೇಳುತ್ತಾರೆ. ಬೆಳಗಿನಿಂದ ಅವರ ಒಂದೊಂದು ಕೂಗಿಗೂ ಒಂದೊಂದು ಹೆಜ್ಜೆ ಹಿಂದೆ ಸರಿದವನು ಈ ಒಂದು ಪದಕ್ಕೆ ಮಾತ್ರ ಒಪ್ಪುವುದಿಲ್ಲ. ಬರೆದದ್ದು ಹಾಗೆಯೇ ಉಳಿಯುತ್ತದೆ.