ಅಪರೂಪದ ಹೆಸರು, ಯಾರ ಹೆಸರು?

ಮಗು ಹುಟ್ಟಿದ ಏಳನೆಯ ದಿನ ಅಕೀಕಾ ಮಾಡಿ ಹೆಸರಿಡುವುದು ನಮ್ಮಲ್ಲಿ ನಡೆದು ಬಂದ ರೂಢಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮನೆಗಳಲ್ಲಿ ಹಿಂದೆ ಇದೇನೂ ತಲೆನೋವಿನ ಕೆಲಸವಾಗಿರಲಿಲ್ಲ. ಅಜ್ಜನ ಹೆಸರು ಮೊಮ್ಮಗನಿಗೆ, ಇಲ್ಲವೇ ಹರಕೆ ಹೊತ್ತ ದರ್ಗಾದ ಹೆಸರು. ಕಲಬುರಗಿಯ ಬಂದೇನವಾಜರನ್ನು ನೆನೆದವರು ಖಾಜಾಸಾಬ ಎಂದರು, ಆಳಂದಕ್ಕೆ ನಡೆದುಕೊಂಡವರು ಮಶಾಕಸಾಬ ಎಂದರು, ವಿಜಾಪುರದ ದರ್ಗಾಕ್ಕೆ ಹರಕೆ ಹೊತ್ತವರು ಹಾಸಿಂಪೀರ ಎಂದರು. ಹಿಂದೂ ಮನೆಗಳಲ್ಲೂ ಹುಸೇನಪ್ಪ, ಫಕೀರಪ್ಪ ಬೆಳೆದರು.

ಈಗಿನ ತಂದೆತಾಯಿಗಳ ಬೇಡಿಕೆಯೇ ಬೇರೆ. ಓಣಿಯಲ್ಲಿ ಯಾರಿಗೂ ಇರದ ಹೆಸರು ಬೇಕು, ಕೇಳಲು ಹೊಸದಾಗಿರಬೇಕು. ಇದಕ್ಕಾಗಿ ಹೆಸರುಗಳ ಕಿರುಪುಸ್ತಕಗಳಿವೆ, ಮೊಬೈಲಿನಲ್ಲಿ ಉದ್ದುದ್ದ ಪಟ್ಟಿಗಳಿವೆ. ಕತೆ, ಕಾದಂಬರಿಗಳನ್ನು ವಿಮರ್ಶಿಸುವ ನಾವು ಮನೆಮನೆಯನ್ನೂ ಹೊಕ್ಕಿರುವ ಈ ಪಟ್ಟಿಗಳನ್ನು ವಿಮರ್ಶೆಗೆ ಯೋಗ್ಯವೆಂದು ಎಣಿಸಿಲ್ಲ. ಅವುಗಳ ದೊಡ್ಡ ದೋಷವೆಂದರೆ ಹೆಸರಿನ ಮುಂದೆ ಒಂದು ಅರ್ಥ ಬರೆದು, ಅದರ ಊರು, ಭಾಷೆ, ಚರಿತ್ರೆ ಎಲ್ಲವನ್ನೂ ಬಿಟ್ಟುಬಿಡುವುದು. ಯಹ್ಯಾ ಎಂದರೆ 'ಬದುಕುವವನು' ಎಂದು ಬರೆದಿರುತ್ತದೆ. ಅರಬಿಯ ಕಿವಿಗೆ ಅದು ಸರಿ. ಆದರೆ ಅದೇ ಪ್ರವಾದಿಯ ಹೀಬ್ರೂ ಹೆಸರು ಯೋಹಾನಾನ್. ದೇವರು ಕೃಪೆ ತೋರಿದನು ಎಂಬುದು ಅದರ ಅರ್ಥ. ಕನ್ನಡ ಬೈಬಲಿನ ಯೋಹಾನನೂ ಈತನೇ. ಇಸ್ಮಾಯಿಲ್ ಎಂದರೆ ದೇವರು ಆಲಿಸುತ್ತಾನೆ, ಇಸ್‌ಹಾಕ್ ಎಂದರೆ ನಗುತ್ತಾನೆ, ಝಕರಿಯ್ಯಾ ಎಂದರೆ ದೇವರು ನೆನೆದನು, ಯೂನುಸ್ ಎಂದರೆ ಪಾರಿವಾಳ. ಇವೆಲ್ಲ ಹೀಬ್ರೂ ಮೂಲದಿಂದ ಬಂದು ಅರಬಿಯ ಅಂಗಳ ದಾಟಿ ನಮ್ಮ ಮನೆ ಸೇರಿದ ಹೆಸರುಗಳು.

ನಮ್ಮ ನೆಲಕ್ಕೂ ಅವು ಹೊಸವಲ್ಲ. 1490ರಲ್ಲಿ ವಿಜಾಪುರದ ಆದಿಲ್‌ಶಾಹಿಗೆ ಬುನಾದಿ ಹಾಕಿದವನು ಯೂಸುಫ್. ಅವನ ಮಗ ಇಸ್ಮಾಯಿಲ್, ಮೊಮ್ಮಗ ಇಬ್ರಾಹೀಮ್. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹೀಮ್ ಮಲಗಿರುವುದು ಇಬ್ರಾಹೀಮ್ ರೋಜಾದಲ್ಲಿ. ಪಟ್ಟಿಯಲ್ಲಿ ನಾವು ಹುಡುಕುವ 'ವಿದೇಶಿ' ಹೆಸರು ಐದು ನೂರು ವರ್ಷಗಳಿಂದ ನಮ್ಮ ಮಣ್ಣಿನಲ್ಲೇ ಇದೆ.

ಇನ್ನೊಂದು ಕಡೆಯಿಂದ ಬೇರೆಯ ಆಕ್ಷೇಪ ಬರುತ್ತದೆ. ಯಾರಾದರೂ ಮಗುವಿಗೆ ದಾನಿಯಾಲ್ ಎಂದೋ ಹನ್ನಾ ಎಂದೋ ಇಡಹೊರಟರೆ, 'ಇದು ಯಹೂದಿಗಳ ಹೆಸರಲ್ಲವೇ?' ಎಂಬ ಪ್ರಶ್ನೆ ಏಳುತ್ತದೆ. 2023ರ ಅಕ್ಟೋಬರಿನಲ್ಲಿ ಗಾಝಾದ ಮೇಲೆ ಯುದ್ಧ ಶುರುವಾದ ಮೇಲಂತೂ ಇಂಥ ಮಾತಿಗೆ ಸಿಟ್ಟಿನ ಬಲವೂ ಸೇರಿದೆ. ಸಿಟ್ಟು ನಮಗೂ ಇದೆ. ಆದರೆ ಒಂದು ಸರಕಾರದ ಅನ್ಯಾಯಕ್ಕೆ ಪ್ರವಾದಿಗಳ ಹೆಸರನ್ನು ದಂಡವಾಗಿ ಕೊಡುವುದು ಯಾವ ನ್ಯಾಯ? ಗಾಝಾದ ತಾಯಂದಿರೇ ತಮ್ಮ ಮಕ್ಕಳನ್ನು ಯೂಸುಫ್, ಇಬ್ರಾಹೀಮ್, ಮರ್ಯಮ್ ಎಂದು ಕರೆಯುತ್ತಿದ್ದಾರೆ.

ಪ್ರವಾದಿವರ್ಯರು(ಸ) ತಮ್ಮ ಮಗನಿಗೆ ಇಟ್ಟ ಹೆಸರು ಇಬ್ರಾಹೀಮ್. ಮದೀನಾದ ಯಹೂದಿ ವಿದ್ವಾಂಸರಾಗಿದ್ದು ಇಸ್ಲಾಮ್ ಸ್ವೀಕರಿಸಿದ ಅಬ್ದುಲ್ಲಾ ಬಿನ್ ಸಲಾಮ್‌ರ ಮಗನಿಗೆ ಅವರು ಇಟ್ಟ ಹೆಸರು ಯೂಸುಫ್. ಧರ್ಮ ಬದಲಾದ ಮನೆಯ ಮಗುವಿಗೆ ಹಳೆಯ ಬೇರನ್ನು ಕತ್ತರಿಸುವ ಹೆಸರನ್ನು ಅವರು ಹುಡುಕಲಿಲ್ಲ. ಹಿಂದಿನ ಜನ ತಮ್ಮ ಪ್ರವಾದಿಗಳ ಮತ್ತು ಸಜ್ಜನರ ಹೆಸರನ್ನು ಮಕ್ಕಳಿಗೆ ಇಡುತ್ತಿದ್ದರೆಂದು ಅವರು ವಿವರಿಸಿದ್ದು ಹದೀಸಿನಲ್ಲಿದೆ.

ಹಾಗಾದರೆ ಅಪರೂಪದ ಹೆಸರನ್ನು ಬಯಸುವುದೇ ತಪ್ಪೇ? ಅಲ್ಲ. ಯಹ್ಯಾ ಎಂಬ ಹೆಸರು ಅದಕ್ಕೆ ಮೊದಲು ಯಾರಿಗೂ ಇರಲಿಲ್ಲವೆಂದು ಕುರ್‌ಆನೇ ಹೇಳುತ್ತದೆ. ಲೂಕನ ಸುವಾರ್ತೆಯಲ್ಲಿ ಇದೇ ಪ್ರಸಂಗ ಇನ್ನಷ್ಟು ಹತ್ತಿರದಿಂದ ಕಾಣುತ್ತದೆ. ತಾಯಿ ಮೊದಲು ಆ ಹೆಸರು ಹೇಳುತ್ತಾಳೆ. ನಿಮ್ಮ ಬಳಗದಲ್ಲಿ ಯಾರಿಗೂ ಈ ಹೆಸರಿಲ್ಲವಲ್ಲ ಎಂದು ನೆಂಟರು ತಕರಾರು ತೆಗೆಯುತ್ತಾರೆ. ಮಾತು ನಿಂತುಹೋಗಿದ್ದ ತಂದೆ ಹಲಗೆಯ ಮೇಲೆ ಅದೇ ಹೆಸರು ಬರೆದು ತೋರಿಸಿದ ಮೇಲೆಯೇ ತಕರಾರು ಮುಗಿಯುವುದು. ಈ ನೆಂಟರು ಸಿಂದಗಿಯಲ್ಲೂ ಇದ್ದಾರೆ, ಮುದ್ದೇಬಿಹಾಳದಲ್ಲೂ ಇದ್ದಾರೆ. ತಾಯಿಯ ಬಾಯಿಂದ ಬಂದ ಹೆಸರು ಗಂಡಸರ ಮೊಹರು ಬೀಳುವವರೆಗೆ ಹೆಸರೇ ಅಲ್ಲ ಎಂಬ ನಡವಳಿಕೆಯೂ ಹಾಗೇ ಉಳಿದಿದೆ. ಕುರ್‌ಆನಿನಲ್ಲಿ ಹೆಸರು ಹಿಡಿದು ಉಲ್ಲೇಖಗೊಂಡ ಏಕೈಕ ಮಹಿಳೆ ಮರ್ಯಮ್. ಆಕೆಗೆ ಹೆಸರಿಟ್ಟವಳು ಹೆತ್ತ ತಾಯಿ. ಇದನ್ನು ಓದುತ್ತಲೇ ಬಂದ ನಾವು ಬಾಣಂತಿಯ ಅಭಿಪ್ರಾಯವನ್ನು ಎಷ್ಟು ಮನೆಗಳಲ್ಲಿ ಕೇಳಿದ್ದೇವೆ?

ಕಾಗದದ ಮಾತೂ ಇದೆ. 1969ರ ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿ, ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಯ ಪ್ರವೇಶದಿಂದ ಮತದಾರರ ಪಟ್ಟಿಯವರೆಗೆ ಜನನ ಪ್ರಮಾಣಪತ್ರವೇ ಆಧಾರ. ಇಬ್ರಾಹೀಮ್, ಇಬ್ರಾಹಿಂ, ಇಬ್ರಾಹಿಮಸಾಬ ಎಂದು ಒಬ್ಬನೇ ಮೂರು ಕಾಗದಗಳಲ್ಲಿ ಮೂವರಾಗಿಬಿಟ್ಟರೆ ಅಲೆದಾಟ ತಪ್ಪಿದ್ದಲ್ಲ. ಅಪರೂಪದ ಹೆಸರಿಗೆ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಬರೆಯುವ ಗುಮಾಸ್ತನ ಕಿವಿಗೆ ಅದು ಪರಿಚಯವಿಲ್ಲ. ಹೆಸರಿಡುವವರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅದರ ಅಕ್ಷರಗಳನ್ನು ತಾವೇ ನಿರ್ಧರಿಸಿ, ಚೀಟಿಯಲ್ಲಿ ಬರೆದು ಒಯ್ಯುವುದು ಲೇಸು.

ಆ ಚೀಟಿ ಬರೆಯುವ ಮೊದಲು ಪಟ್ಟಿಯನ್ನು ಬದಿಗಿಟ್ಟು, ಈ ಹೆಸರನ್ನು ಹಿಂದೆ ಹೊತ್ತವರು ಯಾರು, ಹೇಗೆ ಬಾಳಿದರು ಎಂದು ವಿಚಾರಿಸೋಣ. ಮಗು ನಾಳೆ ದೊಡ್ಡದಾಗಿ ಕೇಳುವುದು ಅದನ್ನೇ. ಇಂಡಿಯ ಶಾಲೆಯಲ್ಲಿ ಯಹ್ಯಾನ ಪಕ್ಕ ಯೋಹಾನ ಕುಳಿತರೆ, ಇಬ್ಬರ ಹೆಸರೂ ಒಂದೇ ಎಂದು ಆ ಮಕ್ಕಳಿಗೆ ತಿಳಿಸುವ ಕೆಲಸ ದೊಡ್ಡವರಾದ ನಮ್ಮದು.